ತಟ್ಟೆಯ ಮೇಲಿನ ನಾಲ್ಕು ಅಂಕಿಗಳು

ಸರಕನ್ನು ಕೈಯಲ್ಲಿ ಹಿಡಿದು, ತಿರುವಿ ನೋಡಿ, ಬೆರಳಿನಿಂದ ತಟ್ಟಿ, ಆ ಮೇಲೆ ಬೆಲೆಯ ಮಾತಿಗೆ ಇಳಿಯುವುದು ನಮ್ಮ ಜನರ ಹಳೆಯ ಪದ್ಧತಿ. ಊರಿನ ಸಂತೆಯಲ್ಲಿ ಮಡಕೆಯ ಸದ್ದು ಕೇಳಿ ಕೊಳ್ಳುವ ತಾಯಂದಿರೂ, ಮಾಟುಂಗದ ಪೇಟೆಯಲ್ಲಿ ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುವ ನಮ್ಮ ಗುಮಾಸ್ತ ಮಿತ್ರರೂ ಈ ಪದ್ಧತಿಯನ್ನು ಬಿಟ್ಟವರಲ್ಲ. ಆದರೆ ಮೊಬೈಲಿನ ಗಾಜಿನ ಮೇಲೆ ತೆರೆದುಕೊಳ್ಳುವ ಆನ್‌ಲೈನ್ ಅಂಗಡಿಯಲ್ಲಿ ತಟ್ಟಿ ನೋಡುವ ಅವಕಾಶವಿಲ್ಲ. ಅಲ್ಲಿ ಕಾಣುವ ಸರಕು ಕನ್ನಡಿಯೊಳಗಿನ ಗಂಟು. ಅದರ ವಿಷಯವಾಗಿ ನಮಗೆ ಸಿಕ್ಕುವ ಸಾಕ್ಷಿಯೆಂದರೆ ಅಂಗಡಿಯವನು ಬರೆದಿಟ್ಟ ಪಟ್ಟಿಯೊಂದೆ. ಆದುದರಿಂದ ಪಟ್ಟಿಯನ್ನು ಓದಲು ಕಲಿಯುವುದು ಇಂದಿನ ದಿನ ಚಿಲ್ಲರೆ ಎಣಿಸಲು ಕಲಿಯುವಷ್ಟೇ ಅವಶ್ಯವಾದ ವಿದ್ಯೆಯಾಗಿದೆ.

ಇದಕ್ಕೆ ಉದಾಹರಣೆಯಾಗಿ ನಾವು ಈ ಸಲ ಪರದೇಶದ ಒಂದು ಸರಕನ್ನು ಆರಿಸಿಕೊಂಡಿದ್ದೇವೆ. ಅದು ಡಿಸ್ಕ್ ಗಾಲ್ಫ್ ಎಂಬ ಆಟದಲ್ಲಿ ಎಸೆಯುವ ಪ್ಲಾಸ್ಟಿಕ್ ತಟ್ಟೆ. "ಆ ಆಟ ನಮಗೇತಕ್ಕೆ?" ಎಂದು ವಾಚಕರು ಕೇಳಬಹುದು. ಆರಿಸಿದುದಕ್ಕೆ ಕಾರಣಗಳು ಎರಡು. ಮೊದಲನೆಯದು, ಈ ಸರಕಿನಲ್ಲಿ ಕಣ್ಣಿನ ಸಾಕ್ಷಿ ನಡೆಯುವುದಿಲ್ಲ. ಹತ್ತು ತಟ್ಟೆಗಳನ್ನು ಸಾಲಾಗಿ ಇಟ್ಟರೆ ಹತ್ತೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಎಸೆದರೆ ಒಂದು ಎಡಕ್ಕೆ, ಒಂದು ಬಲಕ್ಕೆ, ಮತ್ತೊಂದು ನೆಟ್ಟಗೆ ಹೋಗುತ್ತದೆ. ಹಾಗಾಗಿ ಅದನ್ನು ಮಾರುವವರು ಬಹಳ ವಿವರವಾದ ಪಟ್ಟಿಯನ್ನು ಬರೆಯಲೇ ಬೇಕಾಯಿತು. ಎರಡನೆಯದು, ಪರದೇಶದ ಅಂಗಡಿಗಳ ಸರಕಿನ ಪಟ್ಟಿಗಳನ್ನು ಬೆರಳಚ್ಚು ಮಾಡುವ, ತಿದ್ದುವ, ಚಿತ್ರಕ್ಕೆ ಹೆಸರು ಹಚ್ಚುವ ಕೆಲಸ ಇಂದು ಹೈದರಾಬಾದು, ಪುಣೆ, ಚೆನ್ನೈಗಳ ಕಛೇರಿಗಳಲ್ಲಿ ನಡೆಯುತ್ತಿದೆ. ಅಂಥ ಕೆಲಸದಲ್ಲಿರುವ ನಮ್ಮವರಿಗೆ, ತಾವು ತುಂಬುವ ಅಂಕಿಯ ಅರ್ಥವೇನೆಂಬುದು ತಿಳಿದಿದ್ದರೆ ಒಳ್ಳೆಯದು.

ಮೊದಲು ಆಟದ ಸ್ವರೂಪವನ್ನು ಹೇಳುವೆವು. ಗಾಲ್ಫ್ ಆಟದಲ್ಲಿ ಚೆಂಡನ್ನು ಕೋಲಿನಿಂದ ಹೊಡೆದು ಕುಳಿಗೆ ಬೀಳಿಸುವರಷ್ಟೆ. ಡಿಸ್ಕ್ ಗಾಲ್ಫಿನಲ್ಲಿ ಕೋಲೂ ಇಲ್ಲ, ಚೆಂಡೂ ಇಲ್ಲ. ಕುಳಿಯ ಬದಲು ಕಂಬಕ್ಕೆ ಕಟ್ಟಿದ ಕಬ್ಬಿಣದ ಬುಟ್ಟಿ. ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ತಟ್ಟೆಯನ್ನು ದೂರದಿಂದ ಎಸೆದು, ಬಿದ್ದಲ್ಲಿಂದ ಮತ್ತೆ ಎಸೆದು, ಕೊನೆಗೆ ಸರಪಳಿಗೆ ತಗುಲಿಸಿ ಬುಟ್ಟಿಯೊಳಗೆ ಬೀಳಿಸಬೇಕು. ಎಸೆತಗಳು ಯಾರವು ಕಡಿಮೆಯೋ ಅವರೇ ಗೆದ್ದವರು. ಸಾಮಾನ್ಯವಾಗಿ ಒಂದು ಮೈದಾನದಲ್ಲಿ ೯ ಇಲ್ಲವೆ ೧೮ ಬುಟ್ಟಿಗಳಿರುತ್ತವೆ. ನಡುವೆ ಮರಗಳೂ ಪೊದೆಗಳೂ ಇರುವುದರಿಂದ ತಟ್ಟೆಯನ್ನು ಬೇಕೆಂದ ಕಡೆಗೆ ಬಾಗಿಸಿ ಎಸೆಯುವುದೇ ಆಟದ ಜಾಣ್ಮೆ.

ಈ ತಟ್ಟೆಯ ಹಿರಿಯಣ್ಣನೇ ಫ್ರಿಸ್ಬಿ. ಫ್ರೆಡ್ ಮಾರಿಸನ್ ಎಂಬಾತ ರೂಪಿಸಿದ ಹಾರುವ ತಟ್ಟೆಯನ್ನು ಕ್ಯಾಲಿಫೋರ್ನಿಯದ ವ್ಯಾಮ್-ಓ ಕಂಪೆನಿಯು ೧೯೫೭ರಲ್ಲಿ ಮಾರಾಟಕ್ಕೆ ತಂದಿತು. ಅದೇ ಕಂಪೆನಿಯಲ್ಲಿದ್ದ ಎಡ್ ಹೆಡ್ರಿಕ್ ಎಂಬಾತ ಅದನ್ನು ಸುಧಾರಿಸಿ, ಮುಂದೆ ೧೯೭೫ರಲ್ಲಿ ಲಾಸ್ ಏಂಜಲಿಸಿಗೆ ಸಮೀಪದ ಓಕ್ ಗ್ರೋವ್ ಉದ್ಯಾನದಲ್ಲಿ ಡಿಸ್ಕ್ ಗಾಲ್ಫಿನ ಮೊದಲ ಶಾಶ್ವತ ಮೈದಾನವನ್ನು ಏರ್ಪಡಿಸಿದನು. ೧೯೭೬ರಲ್ಲಿ ಪಿ.ಡಿ.ಜಿ.ಎ. ಎಂಬ ಆಟಗಾರರ ಸಂಘವನ್ನು ಸ್ಥಾಪಿಸಿದವನೂ ಆತನೇ. ಆ ವರೆಗೆ ಎಸೆಯುತ್ತಿದ್ದುದು ಹಿಡಿಯಲು ಅನುಕೂಲವಾದ, ಅಂಚು ದುಂಡಗಿನ ತಟ್ಟೆ. ೧೯೮೩ರಲ್ಲಿ ಇನ್ನೋವಾ ಕಂಪೆನಿಯು ಅಂಚನ್ನು ಇಳಿಜಾರಾಗಿ ತೆಳುವು ಮಾಡಿದ ಈಗಲ್ ಎಂಬ ತಟ್ಟೆಯನ್ನು ಹೊರತಂದಿತು. ತೆಳುವಾದ ಅಂಚು ಗಾಳಿಯನ್ನು ಸೀಳಿಕೊಂಡು ದೂರ ಹೋಗುತ್ತದೆ. ಅಲ್ಲಿಂದ ಮುಂದೆ ಅಂಚಿನ ಅಗಲ, ಓರೆ, ಬೆನ್ನಿನ ಉಬ್ಬು ಇವುಗಳನ್ನು ಕೂದಲೆಳೆಯಷ್ಟು ಬದಲಿಸಿ ಹೊಸ ಹೊಸ ತಟ್ಟೆಗಳನ್ನು ಮಾಡುತ್ತ ಹೋದರು. ಇಂದು ಆ ಸಂಘದ ಒಪ್ಪಿಗೆ ಪಡೆದ ಅಚ್ಚುಗಳು ಸಾವಿರವನ್ನು ಮೀರಿವೆ. ಇಷ್ಟನ್ನು ಒಂದು ಅಂಗಡಿಯಲ್ಲಿ ಬೇರೆ ಬೇರೆಯಾಗಿ ಹೇಳುವುದು ಹೇಗೆ? ಪಟ್ಟಿಯ ಹುಟ್ಟು ಇಲ್ಲಿದೆ.

ಪಟ್ಟಿಯ ಮೊದಲ ಸಾಲಿನಲ್ಲಿ ಸಾಮಾನ್ಯವಾಗಿ ಮೂರು ಹೆಸರುಗಳು ಒಟ್ಟಿಗೆ ಬರುತ್ತವೆ. ಉದಾಹರಣೆಗೆ, "ಇನ್ನೋವಾ ಸ್ಟಾರ್ ಡೆಸ್ಟ್ರಾಯರ್". ಇದರಲ್ಲಿ ಇನ್ನೋವಾ ಎಂಬುದು ತಯಾರಕನ ಹೆಸರು. ಸ್ಟಾರ್ ಎಂಬುದು ಪ್ಲಾಸ್ಟಿಕ್ಕಿನ ಜಾತಿ. ಡೆಸ್ಟ್ರಾಯರ್ ಎಂಬುದು ಅಚ್ಚಿನ ಹೆಸರು. ಸೀರೆಯ ಅಂಗಡಿಯಲ್ಲಿ ಮಿಲ್ಲಿನ ಹೆಸರು, ನೂಲಿನ ಜಾತಿ, ಅಂಚಿನ ಮಾದರಿ ಎಂದು ಮೂರನ್ನು ಹೇಳುವಂತೆಯೇ ಇದು. ಮೂರರಲ್ಲಿ ಒಂದು ಬದಲಾದರೂ ಸರಕು ಬೇರೆಯಾಯಿತು.

ಪ್ಲಾಸ್ಟಿಕ್ಕಿನ ಹೆಸರನ್ನು ಹೊಸಬರು ಅಲಂಕಾರದ ಮಾತೆಂದು ಬಿಟ್ಟುಬಿಡುವುದುಂಟು. ಅದು ಸರಿಯಲ್ಲ. ಬೆಲೆಯ ವ್ಯತ್ಯಾಸವೆಲ್ಲ ಹೆಚ್ಚಾಗಿ ಇದರಲ್ಲಿದೆ. ಇನ್ನೋವಾದವರ ಡಿ.ಎಕ್ಸ್. ಎಂಬುದು ಅಗ್ಗದ ಜಾತಿ. ಕೈಗೆ ಒಳ್ಳೆಯ ಹಿಡಿತ ಕೊಡುತ್ತದೆ. ಆದರೆ ಮರಕ್ಕೆ ಬಡಿದು ಬಡಿದು ಬೇಗ ನಗ್ಗುತ್ತದೆ. ಚಾಂಪಿಯನ್ ಎಂಬುದು ಗಾಜಿನಂತೆ ಪಾರದರ್ಶಕವಾದ ಗಟ್ಟಿ ಜಾತಿ; ಬಹುಕಾಲ ಬಾಳುತ್ತದೆ. ಸ್ಟಾರ್ ಎಂಬುದು ಬಾಳಿಕೆಯನ್ನೂ ಹಿಡಿತವನ್ನೂ ಕೂಡಿಸಲು ಮಾಡಿದ ದುಬಾರಿ ಜಾತಿ. ಸ್ವೀಡನ್ನಿನ ಲ್ಯಾಟಿಟ್ಯೂಡ್ ೬೪ ಕಂಪೆನಿಯವರು ತಮ್ಮ ಜಾತಿಗಳನ್ನು ರೆಟ್ರೊ, ಗೋಲ್ಡ್, ಆಪ್ಟೊ ಎನ್ನುತ್ತಾರೆ. ಹೆಸರು ಯಾವುದಾದರೂ ಮೆಟ್ಟಿಲು ಒಂದೇ: ಅಗ್ಗದ್ದು ಮೆತ್ತಗೆ ಸವೆಯುತ್ತದೆ, ದುಬಾರಿಯದು ತಡೆಯುತ್ತದೆ. ಸವೆತದಿಂದ ಅಂದ ಕೆಡುವುದಷ್ಟೇ ಅಲ್ಲ, ಹಾರಾಟವೂ ಬದಲಾಗುತ್ತದೆ. ನಗ್ಗಿದ ತಟ್ಟೆಯು ಹೊಸದಾಗಿದ್ದಾಗ ಬಾಗುತ್ತಿದ್ದುದಕ್ಕಿಂತ ಹೆಚ್ಚಾಗಿ ಬಲಕ್ಕೆ ಹೊರಳತೊಡಗುತ್ತದೆ.

ಇನ್ನು ಪಟ್ಟಿಯ ಜೀವಾಳವಾದ ನಾಲ್ಕು ಅಂಕಿಗಳು. ಇವುಗಳನ್ನು ಮೊದಲು ಬಳಕೆಗೆ ತಂದವರು ಇನ್ನೋವಾದವರು. ಮುಂದೆ ಉಳಿದ ಬಹುತೇಕ ತಯಾರಕರೂ ಅದೇ ದಾರಿಯನ್ನು ಹಿಡಿದರು. ಡೆಸ್ಟ್ರಾಯರಿನ ಮುಂದೆ ೧೨, ೫, -೧, ೩ ಎಂದು ಬರೆದಿರುತ್ತದೆ. ಕ್ರಮವಾಗಿ ಇವು ವೇಗ, ತೇಲು, ಹೊರಳು, ಇಳಿವಾಗು ಎನ್ನೋಣ. ಇಂಗ್ಲಿಷಿನಲ್ಲಿ ಸ್ಪೀಡ್, ಗ್ಲೈಡ್, ಟರ್ನ್, ಫೇಡ್ ಎಂದು ಹೆಸರು.

ವೇಗದ ಅಂಕಿಯು ೧ರಿಂದ ಸುಮಾರು ೧೪ರ ವರೆಗೆ ಇರುತ್ತದೆ. ಹೆಚ್ಚಿನವರು ಮೋಸಹೋಗುವುದು ಇಲ್ಲಿಯೇ. ತಟ್ಟೆಯು ಎಷ್ಟು ವೇಗವಾಗಿ ಹೋಗುವುದೆಂದು ಈ ಅಂಕಿಯು ಹೇಳುವುದಿಲ್ಲ. ತಟ್ಟೆಯು ತನ್ನ ಗುಣವನ್ನು ತೋರಬೇಕಾದರೆ ನೀವು ಅದನ್ನು ಎಷ್ಟು ವೇಗವಾಗಿ ಎಸೆಯಬೇಕೆಂದು ಅದು ಹೇಳುತ್ತದೆ. ಎಂದರೆ, ಅದು ಸರಕಿನ ಹೊಗಳಿಕೆಯಲ್ಲ, ಕೊಳ್ಳುವವನ ತೋಳಿಗೆ ಹಾಕಿದ ಷರತ್ತು. ಲಾರಿಯನ್ನು ನಿಂತಲ್ಲಿಂದಲೇ ಮೇಲಿನ ಗೇರಿನಲ್ಲಿ ಹೊರಡಿಸಲು ಹೋದರೆ ಎಂಜಿನು ನಿಂತುಹೋಗುವುದಲ್ಲವೆ? ಹಾಗೆಯೇ ಹೊಸಬನು ೧೩ರ ತಟ್ಟೆಯನ್ನು ತರಿಸಿಕೊಂಡು ತನ್ನ ಶಕ್ತಿಯಿದ್ದಷ್ಟು ಎಸೆದರೆ ಅದು ಸ್ವಲ್ಪ ದೂರ ಹೋಗಿ ಎಡಕ್ಕೆ ಕುಸಿದು ನೆಲಕ್ಕೆ ಬೀಳುತ್ತದೆ. ಅವನೇ ೫ರ ತಟ್ಟೆಯನ್ನು ಎಸೆದಿದ್ದರೆ ಅದು ಇನ್ನೂ ದೂರ, ಇನ್ನೂ ನೆಟ್ಟಗೆ ಹೋಗುತ್ತಿತ್ತು. ದೊಡ್ಡ ಅಂಕಿಗೆ ಮರುಳಾಗಿ ಹೆಚ್ಚು ಹಣ ಕೊಟ್ಟವನು ಕಡಿಮೆ ದೂರವನ್ನು ಕೊಂಡಂತಾಯಿತು.

ತೇಲಿನ ಅಂಕಿಯು ೧ರಿಂದ ೭. ತಟ್ಟೆಯು ಗಾಳಿಯಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲದೆಂಬುದನ್ನು ಇದು ತಿಳಿಸುತ್ತದೆ. ತೋಳಿನಲ್ಲಿ ಬಲ ಕಡಿಮೆಯಿದ್ದವರಿಗೆ ತೇಲು ಹೆಚ್ಚಾಗಿರುವುದು ಅನುಕೂಲ. ಎದುರುಗಾಳಿಯಲ್ಲಿ ಅದೇ ಅನನುಕೂಲ.

ಹೊರಳಿನ ಅಂಕಿಯು +೧ರಿಂದ -೫ರ ವರೆಗೆ. ಬಲಗೈಯನ್ನು ಎದೆಯ ಮುಂದಿನಿಂದ ಹೊರಕ್ಕೆ ಬೀಸಿ ಎಸೆಯುವವನನ್ನು ಮನಸ್ಸಿನಲ್ಲಿಟ್ಟು ಈ ಅಂಕಿಯನ್ನು ಬರೆದಿದ್ದಾರೆ. ಹಾರಾಟದ ಮೊದಲ ಭಾಗದಲ್ಲಿ, ವೇಗವು ಇನ್ನೂ ಹೆಚ್ಚಾಗಿರುವಾಗ, ತಟ್ಟೆಯು ಬಲಕ್ಕೆ ಎಷ್ಟು ಹೊರಳುವುದೆಂದು ಇದರ ಅರ್ಥ. ಋಣ ಚಿಹ್ನೆಯ ಅಂಕಿ ದೊಡ್ಡದಾದಷ್ಟೂ ಬಲದ ಕಡೆಯ ಹೊರಳು ಹೆಚ್ಚು. ಇಳಿವಾಗಿನ ಅಂಕಿಯು ೦ಯಿಂದ ೫. ವೇಗವು ತಗ್ಗಿದ ಮೇಲೆ, ಕೊನೆಯಲ್ಲಿ, ತಟ್ಟೆಯು ಎಡಕ್ಕೆ ಎಷ್ಟು ಬಾಗುವುದೆಂದು ಅದು ಹೇಳುತ್ತದೆ. ಎಡಗೈಯವರು ಅದೇ ಬಗೆಯಲ್ಲಿ ಎಸೆದರೆ ಎಡಬಲಗಳನ್ನು ಅದಲುಬದಲು ಮಾಡಿ ಓದಿಕೊಳ್ಳತಕ್ಕದ್ದು.

ಈಗ ನಾಲ್ಕು ತಟ್ಟೆಗಳನ್ನು ಪಕ್ಕಪಕ್ಕದಲ್ಲಿ ಓದಿ ನೋಡೋಣ. ಏವಿಯಾರ್ ಎಂಬುದರ ಅಂಕಿಗಳು ೨, ೩, ೦, ೧. ಇದು ಬುಟ್ಟಿಯ ಸಮೀಪದಲ್ಲಿ ಮೆಲ್ಲಗೆ ಎಸೆಯುವ ಪಟ್ಟರ್ ಜಾತಿಯದು. ಡಿಸ್ಕ್ರಾಫ್ಟ್ ಕಂಪೆನಿಯ ಬಜ್ ಎಂಬುದರದು ೫, ೪, -೧, ೧. ನಡುದೂರದ ಮಿಡ್‌ರೇಂಜ್ ಜಾತಿ, ಬಹಳ ಮಟ್ಟಿಗೆ ನೆಟ್ಟಗೆ ಹೋಗುತ್ತದೆ. ಲೆಪರ್ಡ್ ೬, ೫, -೨, ೧. ಹೊಸಬರ ಕೈಗೂ ಮಾತು ಕೇಳುವ ತಟ್ಟೆ. ಫೈರ್‌ಬರ್ಡ್ ೯, ೩, ೦, ೪. ಇದು ಗಾಳಿಗೆ ಜಗ್ಗದು, ಕೊನೆಯಲ್ಲಿ ಎಡಕ್ಕೆ ಬಲವಾಗಿ ಬಾಗುತ್ತದೆ. ನಾಲ್ಕನ್ನೂ ಚಿತ್ರದಲ್ಲಿ ನೋಡಿದರೆ ಬಣ್ಣದ ಹೊರತು ಹೊಸಬನಿಗೆ ಬೇರೆ ಭೇದ ಕಾಣಿಸದು. ಅಂಕಿಗಳನ್ನು ಓದಿದರೆ ನಾಲ್ಕು ಬೇರೆ ಬೇರೆ ಉಪಕರಣಗಳೆಂದು ತಿಳಿಯುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ. ಈ ಅಂಕಿಗಳನ್ನು ಗೊತ್ತುಮಾಡುವವರು ಆಯಾ ತಯಾರಕರೇ. ಪಿ.ಡಿ.ಜಿ.ಎ. ಸಂಘವು ತಟ್ಟೆಯ ಅಳತೆಯನ್ನು, ತೂಕದ ಮಿತಿಯನ್ನು, ಅಂಚಿನ ಅಗಲವನ್ನು ಪರೀಕ್ಷಿಸಿ ಒಪ್ಪಿಗೆ ಕೊಡುತ್ತದೆಯೇ ಹೊರತು ಹಾರಾಟದ ಅಂಕಿಗಳಿಗೆ ಮುದ್ರೆ ಒತ್ತುವುದಿಲ್ಲ. ಆದುದರಿಂದ ಒಬ್ಬ ತಯಾರಕನ ೭ ಇನ್ನೊಬ್ಬನ ೭ಕ್ಕೆ ಸರಿಸಮವೆಂದು ನಂಬುವಂತಿಲ್ಲ. "ಸಂಘದ ಒಪ್ಪಿಗೆ ಪಡೆದದ್ದು" ಎಂಬ ಮಾತು ಪಟ್ಟಿಯಲ್ಲಿದ್ದರೆ, ಅದನ್ನು ಪಂದ್ಯದಲ್ಲಿ ಎಸೆಯಬಹುದು ಎಂದಷ್ಟೇ ತಿಳಿಯಬೇಕು. ಚೆನ್ನಾಗಿ ಹಾರುತ್ತದೆಂದು ಅಲ್ಲ.

ಮುಂದಿನದು ತೂಕ. ಪಟ್ಟಿಯಲ್ಲಿ "೧೭೩-೧೭೫ ಗ್ರಾಂ" ಎಂದು ಬರೆದಿರುವುದನ್ನು ಕಾಣಬಹುದು. ಇದೇನು ೧೭೫ರಲ್ಲಿಯೇ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಂಘದ ನಿಯಮದಲ್ಲಿದೆ. ತಟ್ಟೆಯ ವ್ಯಾಸದ ಒಂದೊಂದು ಸೆಂಟಿಮೀಟರಿಗೆ ೮.೩ ಗ್ರಾಂ ಮೀರಕೂಡದು. ಏನಾದರೂ ಒಟ್ಟು ೨೦೦ ಗ್ರಾಂ ದಾಟಕೂಡದು. ವ್ಯಾಸವು ೨೧ ಸೆಂಟಿಮೀಟರಿಗೆ ಕಡಿಮೆ ಇರಕೂಡದು. ದೂರಕ್ಕೆ ಎಸೆಯುವ ತಟ್ಟೆಯ ವ್ಯಾಸ ೨೧.೧ ಸೆಂಟಿಮೀಟರ್ ಇದ್ದರೆ ಅದನ್ನು ೮.೩ರಿಂದ ಗುಣಿಸಿ ನೋಡಿರಿ: ೧೭೫.೧೩ ಬರುತ್ತದೆ. ನಡುದೂರದ ತಟ್ಟೆ ೨೧.೭ ಇದ್ದರೆ ೧೮೦.೧೧. ಹೀಗೆ ಅಂಗಡಿಯ ಪಟ್ಟಿಯಲ್ಲಿ ೧೭೫, ೧೮೦ ಎಂಬ ಅಂಕಿಗಳು ಮತ್ತೆ ಮತ್ತೆ ಬರುವುದರ ಗುಟ್ಟು ಗುಣಾಕಾರದಲ್ಲಿದೆ. ಹಗುರವಾದ ತಟ್ಟೆಯನ್ನು ವೇಗವಾಗಿ ಎಸೆಯುವುದು ಸುಲಭ. ಭಾರವಾದದ್ದು ಗಾಳಿಯಲ್ಲಿ ಸ್ಥಿರ. ಮಕ್ಕಳಿಗೂ ಹೊಸಬರಿಗೂ ೧೫೦ರಿಂದ ೧೬೫ ಗ್ರಾಮಿನ ತಟ್ಟೆಗಳು ಒಪ್ಪುತ್ತವೆ.

ತೂಕವನ್ನು ಮಾತ್ರ ನೋಡಿ ಕೊಳ್ಳುವವರಿಗೆ ನಮ್ಮ ದೇಶದಲ್ಲಿ ಇನ್ನೊಂದು ಗುಂಡಿಯಿದೆ. ಚೆನ್ನೈನ ಕಡಲತೀರದಲ್ಲಿಯೂ ಬೆಂಗಳೂರಿನ ಮೈದಾನಗಳಲ್ಲಿಯೂ ತರುಣರು ಅಲ್ಟಿಮೇಟ್ ಎಂಬ ತಂಡದ ಆಟವನ್ನು ಆಡುತ್ತಾರೆ. ಅದರ ತಟ್ಟೆಯ ತೂಕವೂ ೧೭೫ ಗ್ರಾಮೇ. ಆದರೆ ಅದರ ವ್ಯಾಸ ೨೭ ಸೆಂಟಿಮೀಟರಿನ ಆಸುಪಾಸು, ಅಂಚು ದುಂಡಗೆ. ಅದನ್ನು ಓಡುತ್ತ ಕೈಯಲ್ಲಿ ಹಿಡಿಯಬೇಕು. ಡಿಸ್ಕ್ ಗಾಲ್ಫಿನ ತೆಳು ಅಂಚಿನ ತಟ್ಟೆಯನ್ನು ಹಾಗೆ ಹಿಡಿಯ ಹೋದರೆ ಬೆರಳಿಗೆ ಪೆಟ್ಟು. ಮಗನು "೧೭೫ ಗ್ರಾಮಿನ ಡಿಸ್ಕ್ ಬೇಕು" ಎಂದು ಕಾಗದ ಬರೆದರೆ, ತಂದೆಯಾದವನು ವ್ಯಾಸವೆಷ್ಟೆಂದು ಕೇಳಿ ಆಮೇಲೆ ಹಣ ಕೊಡುವುದು ಲೇಸು.

ಇನ್ನು ಚಿತ್ರದ ವಿಷಯ. ಆನ್‌ಲೈನ್ ಅಂಗಡಿಗಳಲ್ಲಿ ಎರಡು ಪದ್ಧತಿಗಳಿವೆ. ಒಂದನೆಯ ಪದ್ಧತಿಯಲ್ಲಿ ಒಂದು ಅಚ್ಚಿಗೆ ಒಂದೇ ಚಿತ್ರವಿರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ "ಬಣ್ಣವೂ ಮುದ್ರೆಯೂ ಬೇರೆಯಾಗಬಹುದು" ಎಂದಿರುತ್ತದೆ. ನೀವು ತೂಕದ ಶ್ರೇಣಿಯನ್ನು ಮಾತ್ರ ಆರಿಸಬಹುದು. ಕೆಂಪಿನ ಚಿತ್ರ ನೋಡಿ ತರಿಸಿದವರಿಗೆ ಹಳದಿಯದು ಬಂದರೆ ಅಂಗಡಿಯವನು ಮಾತು ತಪ್ಪಿದವನಲ್ಲ. ಎರಡನೆಯ ಪದ್ಧತಿಯಲ್ಲಿ ಒಂದೊಂದು ತಟ್ಟೆಯನ್ನೂ ತಕ್ಕಡಿಯಲ್ಲಿಟ್ಟು, ಚಿತ್ರ ತೆಗೆದು, ಅದರ ತೂಕ, ಬಣ್ಣ, ಬೆನ್ನಿನ ಉಬ್ಬು ಇವನ್ನು ಬೇರೆ ಬೇರೆಯಾಗಿ ಬರೆಯುತ್ತಾರೆ. ನೀವು ನೋಡಿದ ತಟ್ಟೆಯೇ ನಿಮ್ಮ ಮನೆಗೆ ಬರುತ್ತದೆ. ಇಷ್ಟು ಶ್ರಮವೇಕೆಂದರೆ, ಒಂದೇ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕೂ ತಣಿಯುವಾಗ ಒಂದೊಂದು ಸಲ ಒಂದೊಂದು ಬಗೆಯಾಗಿ ಕುಗ್ಗುತ್ತದೆ. ಒಂದೇ ಕಾವಲಿಯ ದೋಸೆಗಳೆಲ್ಲ ಒಂದೇ ಆಗಿರುವುದಿಲ್ಲವಷ್ಟೆ. ಬೆನ್ನು ಚಪ್ಪಟೆಯಾದದ್ದೂ ಉಬ್ಬಿದ್ದೂ ಒಂದೇ ರೀತಿ ಹಾರುವುದಿಲ್ಲವೆಂದು ಪಳಗಿದ ಆಟಗಾರರು ಬಲ್ಲರು.

ಅಗ್ಗದ ಸರಕಿನ ಹೆಸರುಗಳನ್ನೂ ತಿಳಿದಿರಬೇಕು. ಇನ್ನೋವಾದವರು ಎಫ್-೨ ಎಂದು ಬರೆದದ್ದು ಕಾರ್ಖಾನೆಯ ಎರಡನೆಯ ದರ್ಜೆಯ ಮಾಲು. ಬಣ್ಣ ಕಲೆತದ್ದು, ಸಣ್ಣ ಚುಕ್ಕೆ ಬಿದ್ದದ್ದು, ಮುದ್ರೆ ವಾಲಿದ್ದು ಇಂಥ ಕುಂದುಗಳು ಅದರಲ್ಲಿರುತ್ತವೆ. ಕಲಿಯುವವರಿಗೆ ಇದು ನಷ್ಟದ ವ್ಯಾಪಾರವಲ್ಲ. ಉಪಯೋಗಿಸಿದ ತಟ್ಟೆಗಳನ್ನು ಹತ್ತರ ಮಾನದಲ್ಲಿ ಅಳೆಯುತ್ತಾರೆ: ೧೦ ಎಂದರೆ ಎಸೆಯದ ಹೊಸದು, ಅಂಕಿ ಇಳಿದಂತೆ ಗೀರು, ನಗ್ಗು, ಸವೆತ ಹೆಚ್ಚು. ಪಟ್ಟಿಯಲ್ಲಿ "ಇಂಕ್ ಇದೆ" ಎಂದಿದ್ದರೆ ಗಾಬರಿಯಾಗಬೇಕಾದುದಿಲ್ಲ. ಕಳೆದ ತಟ್ಟೆ ಮರಳಿ ಬರಲೆಂದು ಆಟಗಾರರು ಹಿಂಬದಿಯಲ್ಲಿ ತಮ್ಮ ಹೆಸರನ್ನೂ ಫೋನ್ ನಂಬರನ್ನೂ ಬರೆಯುವುದು ರೂಢಿ. ಆ ಶಾಯಿಯ ಗುರುತೇ ಅದು. ಈ ಹತ್ತರ ಮಾನವು ಮಾರುವವನ ಕಣ್ಣಿನ ಅಂದಾಜು ಎಂಬುದನ್ನು ಮಾತ್ರ ಮರೆಯಬಾರದು; ಚಿತ್ರವನ್ನು ದೊಡ್ಡದು ಮಾಡಿ ಅಂಚನ್ನು ನೋಡಿಯೇ ತೀರ್ಮಾನಿಸತಕ್ಕದ್ದು.

ಪಟ್ಟಿಯಲ್ಲಿ ಕಾಣುವ ಬೆಲೆಯೇ ಕೊನೆಯ ಬೆಲೆಯಲ್ಲ. ಪರದೇಶದಿಂದ ತರಿಸಿದ ಸರಕಿನ ಮೇಲೆ ನಮ್ಮ ಸರಕಾರದ ಸುಂಕವನ್ನು ಲೆಕ್ಕಹಾಕುವಾಗ ಸರಕಿನ ಬೆಲೆಗೆ ಸಾಗಣೆಯ ವೆಚ್ಚವನ್ನೂ ವಿಮೆಯನ್ನೂ ಕೂಡಿಸುತ್ತಾರೆ. ಆದುದರಿಂದ ಒಂದು ತಟ್ಟೆಯನ್ನು ತರಿಸುವಾಗ ಮೂರನ್ನೂ ಕೂಡಿ ನೋಡಬೇಕು. ನಮ್ಮ ದೇಶದ ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುವವರಿಗೆ ೨೦೨೦ರ ಗ್ರಾಹಕ ಸಂರಕ್ಷಣಾ ನಿಯಮಗಳ ಆಸರೆಯಿದೆ. ಮಾರುವವನು ಯಾರು, ಸರಕು ಯಾವ ದೇಶದ್ದು, ಮರಳಿಸುವ ಕ್ರಮವೇನು ಎಂಬುದು ಪಟ್ಟಿಯ ಜೊತೆಯಲ್ಲಿ ಕಾಣುವಂತಿರಬೇಕು. ದೂರು ಕೊಟ್ಟರೆ ೪೮ ಗಂಟೆಗಳೊಳಗೆ ಮುಟ್ಟಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ಈ ನಿಯಮ ತಟ್ಟೆಗೂ ಸರಿ, ಚಪ್ಪಲಿಗೂ ಸರಿ, ಮಕ್ಕಳ ಪುಸ್ತಕಕ್ಕೂ ಸರಿ.

ಕೊನೆಯದಾಗಿ, ಪಟ್ಟಿ ಬರೆಯುವ ಕೆಲಸದಲ್ಲಿರುವ ಮಿತ್ರರಿಗೆ ಒಂದು ಮಾತು. ದಿನಕ್ಕೆ ನೂರಾರು ಸಾಲು ತುಂಬುವಾಗ ಅಂಕಿಗಳು ಇರುವೆಯ ಸಾಲಿನಂತೆ ಕಾಣುವುದು ಸಹಜ. ಆದರೆ ರೋಡ್‌ರನ್ನರ್ ಎಂಬ ತಟ್ಟೆಯ ೯, ೫, -೪, ೧ ಎಂಬುದರಲ್ಲಿ ಆ ಚಿಕ್ಕ ಋಣ ಗೆರೆ ಬಿಟ್ಟುಹೋದರೆ, ಬಲಕ್ಕೆ ಬಹಳವಾಗಿ ಹೊರಳುವ ತಟ್ಟೆಯು ಅದಕ್ಕೆ ವಿರುದ್ಧ ಗುಣದ್ದೆಂದು ಪಟ್ಟಿ ಸಾರುತ್ತದೆ. ಇದನ್ನು ಹಿಡಿಯಲು ಉಪಾಯವುಂಟು. ಹೊರಳಿನ ಅಂಕಣದಲ್ಲಿ +೧ಕ್ಕಿಂತ ದೊಡ್ಡ ಅಂಕಿ ಬರುವಂತಿಲ್ಲ; ಬಂದರೆ ತಪ್ಪು. ತೂಕದ ಅಂಕಣದಲ್ಲಿ ವ್ಯಾಸವನ್ನು ೮.೩ರಿಂದ ಗುಣಿಸಿದ್ದಕ್ಕಿಂತ ಹೆಚ್ಚು ಬಂದರೆ ಒಂದೋ ಅಂಕಿ ತಪ್ಪು, ಇಲ್ಲವೆ ತಟ್ಟೆ ನಿಯಮಕ್ಕೆ ಹೊರಗು. ಆದರೆ ೧೭೫ರ ಬದಲು ೧೫೭ ಎಂದು ಬೆರಳು ತಪ್ಪಿ ಬಿದ್ದರೆ ಯಾವ ಗುಣಾಕಾರವೂ ಹಿಡಿಯಲಾರದು. ೧೫೭ ಗ್ರಾಮಿನ ತಟ್ಟೆಯೂ ಲೋಕದಲ್ಲಿ ಉಂಟು. ಅಲ್ಲಿ ತಕ್ಕಡಿಯ ಚೀಟಿಯನ್ನು ಇನ್ನೊಮ್ಮೆ ನೋಡುವುದೊಂದೇ ದಾರಿ. ದೂರದ ಊರಿನಲ್ಲಿ ಆ ಸಾಲನ್ನು ನಂಬಿ ಹಣ ಕಳಿಸುವವನಿಗೆ ತಟ್ಟಿ ನೋಡುವ ಬೆರಳು ನಮ್ಮದೇ ಎಂಬುದು ನೆನಪಿದ್ದರೆ ಸಾಕು.

ಕೊಳ್ಳುವವರಿಗೆ ನಮ್ಮ ಸೂಚನೆ ಚಿಕ್ಕದು. ಹೊಸದಾಗಿ ಆಟ ಕಲಿಯುವವರು ಒಂದು ಪಟ್ಟರ್, ಒಂದು ಮಿಡ್‌ರೇಂಜ್, ವೇಗ ೭ಕ್ಕೆ ಮೀರದ ಒಂದು ಡ್ರೈವರ್, ಹೀಗೆ ಮೂರೇ ತಟ್ಟೆಗಳಿಂದ ಪ್ರಾರಂಭಿಸಬಹುದು. ಅವು ಅಗ್ಗದ ಜಾತಿಯ ಪ್ಲಾಸ್ಟಿಕ್ಕಿನವಾದರೂ ಸಾಕು. ತಟ್ಟೆಯ ಹಂಗಿಲ್ಲದ ವಾಚಕರು ಇದೇ ಕ್ರಮವನ್ನು ಮಿಕ್ಸಿ, ಗಡಿಯಾರ, ಕೆಲಸದ ಬೂಟು ಮುಂತಾದವುಗಳ ಪಟ್ಟಿಗೂ ಅನ್ವಯಿಸಿ ನೋಡಬಹುದು: ಯಾವ ಅಂಕಿ ಅಳೆದದ್ದು, ಯಾವುದು ತಯಾರಕನ ಹೇಳಿಕೆ, ಯಾವುದು ಮಾರುವವನ ಅಂದಾಜು, ಯಾವ ಅಂಕಿ ನಮ್ಮ ಉಪಯೋಗಕ್ಕೆ ಸಂಬಂಧಿಸಿದ್ದು? ಇಂಥ ಪಟ್ಟಿಯಲ್ಲಿ ಅರ್ಥವಾಗದ ಮಾತು ಸಿಕ್ಕರೆ, ಹಣ ಕಟ್ಟುವ ಮೊದಲೇ ಬರೆದುಕೊಂಡು ವಾಚನಾಲಯಕ್ಕೆ ಬನ್ನಿರಿ. ಕೂಡಿ ಕುಳಿತು ಓದೋಣ.